ಅರಿಶಿನ ನುಂಗಿದ ಹೀಟರ್

"ಗಟ್ಟಿ ಹಿಡೀರಿ! ಜಾರಿತಂದ್ರ ನನ್ನ ಬೆರಳ ಹೋಕ್ಕಾವ," ಎಂದು ಮಿಸ್ತ್ರಿ ಯಾಕೂಬಸಾಬ ಗದರಿದ.

ಗುರುಪಾದ ಗಟ್ಟಿಯಾಗಿ ಹಿಡಿದ. ಪತ್ತೇದಾರನೆಂದು ಊರೆಲ್ಲ ಹೊಗಳುವ ಮನುಷ್ಯ ಬೆಂಗೇರಿಯ ಗ್ಯಾರೇಜಿನ ಎಣ್ಣೆ ನೆಲದ ಮೇಲೆ ಮೊಣಕಾಲೂರಿ, ಪಾಟಿಯಷ್ಟಗಲದ ಒಂದು ಲೋಹದ ತುಂಡನ್ನು ಅವುಚಿಕೊಂಡು ಕೂತಿದ್ದ. ಗರಗಸ ಕಿರ್ರೋ ಎನ್ನುತ್ತಿತ್ತು. ಬಿಳಿ ಅಂಗಿಯ ತೋಳಿಗೆ ಆಗಲೇ ಮಸಿ ಹತ್ತಿತ್ತು. ಮನೆಗೆ ಹೋದರೆ ಪೂಜೆ ಕಾದಿತ್ತು, ಅದು ಬೇರೆ ಮಾತು.

ಆ ತುಂಡೇ ಹೀಟರ್ ಕೋರ್. ಕಾರಿನ ಡ್ಯಾಶ್‌ಬೋರ್ಡಿನ ಹೊಟ್ಟೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿರುವ ಮರಿ ರೇಡಿಯೇಟರು. ಇಂಜಿನ್ನಿನ ಕುದಿನೀರು ಒಂದು ಪೈಪಿನಿಂದ ಒಳಗೆ ಬರುತ್ತದೆ, ಇನ್ನೊಂದರಿಂದ ಹೊರಗೆ ಹೋಗುತ್ತದೆ. ನಡುವೆ ಅದನ್ನು ಸವರಿಕೊಂಡು ಬಂದ ಗಾಳಿ ಕೂತವರಿಗೆ ಬೆಚ್ಚಗೆ ತಗಲುತ್ತದೆ. ಇಷ್ಟೇ ಇದರ ಕಸುಬು. ಇಂಥದ್ದೊಂದು ಚಿಲ್ಲರೆ ಸಾಮಾನು ಕಾಳಿನ ವ್ಯಾಪಾರಿ ಶಾಂತಯ್ಯನವರಂಥ ದೊಡ್ಡ ಮನುಷ್ಯನನ್ನು ನುಂಗಿತ್ತು.

ಧಾರವಾಡದಾಚೆಯ ಮುಗದದ ದಾರಿಯಲ್ಲಿ, ಮಂಜು ಕವಿದ ಮುಂಜಾನೆ, ಅವರ ಹಳೆಯ ಕಾರು ಸೇತುವೆಯ ಕಟ್ಟೆಗೆ ಎಡಮಗ್ಗುಲಲ್ಲಿ ಗುದ್ದಿತ್ತು. ಎಡಗಡೆ ಮುಂದೆ ಕೂತಿದ್ದ ಶಾಂತಯ್ಯ ಸತ್ತರು. ಬಲಗಡೆ ಕೂತಿದ್ದ ಡ್ರೈವರ್ ಶಹಬಾಜ ಬದುಕಿದ. ಬದುಕಿದ್ದೇ ಅವನ ತಪ್ಪಾಯಿತು. ಹಿಂದಿನ ದಿನ ಅಂಗಡಿಯಲ್ಲಿ ಧಣಿಯ ಕೂಡ ಅವನು ಜಗಳವಾಡಿದ್ದನ್ನು ಹಮಾಲರೆಲ್ಲ ಕೇಳಿದ್ದರು. 'ಬೇಕಂತಲೇ ಗುದ್ದಿಸಿದ' ಎಂದು ಶಾಂತಯ್ಯನವರ ಮಗ ಸಂಕೇತ ದೂರು ಕೊಟ್ಟ. ಶಹಬಾಜ ಠಾಣೆಯಲ್ಲಿ ಬಾಯಿಯನ್ನೇ ಬಿಡಲಿಲ್ಲ. ನಾಳೆ ಅವನ ತಲೆಗೆ ಕೊಲೆ ಕೇಸು ಕಟ್ಟುವುದು ಖಾತ್ರಿಯಾಗಿತ್ತು.

ಗುರುಪಾದನಿಗೆ ಸಿಕ್ಕ ಎಳೆ ಒಂದೇ. ಶಾಂತಯ್ಯನವರ ಪಾದಗಳು ಬೆಂದಿದ್ದವು. 'ರೇಡಿಯೇಟರ್ ಒಡದೈತ್ರಿ, ನೀರು ಸಿಡದೈತಿ' ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು. ರೇಡಿಯೇಟರು ಇರುವುದು ಬಾನೆಟ್ಟಿನ ಮೂತಿಯಲ್ಲಿ. ಅಲ್ಲಿಯ ನೀರು ಒಳಗೆ ಕೂತವರ ಕಾಲಿಗೆ ಹೇಗೆ ಬಂತು? ಇದನ್ನೇ ಹಿಡಿದುಕೊಂಡು ಇನ್ಸ್‌ಪೆಕ್ಟರರ ತಲೆ ತಿಂದು, ಠಾಣೆಯ ಅಂಗಳದಲ್ಲಿ ಬಿದ್ದಿದ್ದ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿಸಿ, ಈ ಕೋರನ್ನು ತಂದಿದ್ದ. ಅದರ ಕಾವಲಿಗೆಂದು ಬಂದ ಕಾನ್‌ಸ್ಟೇಬಲ್ ಹನಮೇಶ ಬಾಗಿಲಲ್ಲಿ ಕೂತು ಚಹಾ ಹೀರುತ್ತಿದ್ದ.

ಲೋಹ ಎರಡು ಹೋಳಾಯಿತು.

"ಯಾ ಅಲ್ಲಾ!" ಎಂದ ಯಾಕೂಬಸಾಬ. "ನೋಡ್ರಿ, ಗೆದ್ದಲ ತಿಂದಂಗ ತಿಂದೈತಿ."

"ಇದರ ಆಯುಷ್ಯ ಎಷ್ಟಿರತೈತಿ ಸಾಬ್ರ?"

"ಇಂಜಿನ್ ತಣ್ಣಗಿಡೂ ಕೂಲಂಟ್ ನೀರ ಟೈಮಿಗೆ ಬದಲಿ ಮಾಡಿದ್ರ ಗಾಡಿ ಇರೂತನಾ ಇರತೈತಿ. ಹತ್ತು ಹದಿನೈದು ವರ್ಷ ಎಲ್ಲೂ ಹೋಗಂಗಿಲ್ಲ. ಆದ್ರ ನಮ್ಮ ಮಂದಿ ಎಲ್ಲಿ ಬದಲಿ ಮಾಡ್ತಾರ? ಬೋರಿನ ನೀರ ಹೊಯ್ತಾರ! ಇಲ್ಲಿ ಬೋರಿನ ನೀರಿಗೆ ಹಂಡೇದಾಗ ಸುಣ್ಣ ಕಟ್ಟತೈತಿ. ಇಂಥಾ ಕಡ್ಡಿಯಂಥ ನಳಿಗಿಯೊಳಗ ಕಟ್ಟದ ಬಿಡತೈತೇನು? ಮತ್ತ ಹಸರ ಕೂಲಂಟಿಗೆ ಕೆಂಪು ಬೆರಸ್ತಾರ. ಹಳೇದಾತಂದ್ರ ಅದು ಹುಳಿ ಆಗಿ ಲೋಹಾನ ತಿನ್ನಾಕ ಹತ್ತತೈತಿ. ಅರ್ಥಿಂಗ್ ವಾಯರ್ ಸಡ್ಲಾತು ಅಂದ್ರ ಕರೆಂಟ್ ಸೈತ ಆ ನೀರಾಗ ಹರದು ತೂತ ಕೊರಿತೈತಿ."

ಯಾಕೂಬಸಾಬನದು ದೊಡ್ಡ ಗಂಟಲು, ದೊಡ್ಡ ಹೊಟ್ಟೆ, ಹುಬ್ಬಳ್ಳಿಯಲ್ಲಿ ತನ್ನಂಥ ಮಿಸ್ತ್ರಿ ಇಲ್ಲವೆಂಬ ದೊಡ್ಡ ಜಂಬ. ಅಂಥವನ ದನಿ ಇದ್ದಕ್ಕಿದ್ದಂತೆ ಇಳಿಯಿತು.

"ಮಳಿಗಾಲದಾಗ ಈ ಗಾಡಿ ನನ್ನ ಕಡೆ ಬಂದಿತ್ರಿ. ಗ್ಲಾಸಿಗೆ ಒಳಗಿಂದ ಜಿಡ್ಡು ಜಿಡ್ಡು ಮಬ್ಬು. ಎಷ್ಟ ಒರಸಿದ್ರೂ ಹೋಗವಲ್ದು. ಕಾಲಾಗಿನ ಕಾರ್ಪೆಟ್ ಹಸಿ. ಒಳಗೆಲ್ಲಾ ಬೆಲ್ಲದ ಪಾಕದಂಥ ವಾಸನಿ. ಕೋರ್ ಸೋರಾಕತ್ತಿತ್ತು. ಹೊಸಾದು ಹಾಕಬೇಕಂದ್ರ ಡ್ಯಾಶ್‌ಬೋರ್ಡ್ ಪೂರಾ ಇಳಸಬೇಕು. ಧಣ್ಯಾರು ಏನಂದ್ರು? 'ಯಾಕೂಬಾ, ಹುಬ್ಬಳ್ಳ್ಯಾಗ ಹೀಟರ್ ಯಾವಾಂವ ಹಚ್ಚತಾನೋ? ಕಟ್ ಮಾಡಿ ಬಿಡು.' ನಾನೂ ನಕ್ಕೆ. ಕೋರಿಗೆ ಹೋಗೂ ಎರಡೂ ಪೈಪ್ ಕಿತ್ತು ಒಂದಕ್ಕೊಂದು ಜೋಡಿಸಿ ಬಿಟ್ಟೆ. ಊರಾಗ ಎಲ್ಲಾರೂ ಹಂಗ ಮಾಡ್ತಾರ್ರಿ."

"ಅಂದ್ರ ಈ ಕೋರಿಗೆ ನೀರ ಬರಬಾರದಿತ್ತು."

"ಒಂದ ಹನಿ ಬರಬಾರದಿತ್ತು!"

"ಬಂದೈತಲ್ಲ."

"ಯಾರೋ ನನ್ನ ಜೋಡಣಿ ಬಿಚ್ಚಿ ಪೈಪ್ ಮತ್ತ ಕೋರಿಗೆ ಹಚ್ಚ್ಯಾರ." ಯಾಕೂಬಸಾಬ ಗರಗಸವನ್ನು ಬದಿಗಿಟ್ಟು ಟವೆಲಿನಿಂದ ಮುಖ ಒರೆಸಿಕೊಂಡ. ಮುಖಕ್ಕೆ ಇನ್ನಷ್ಟು ಮಸಿ ಆಯಿತು. "ಸತ್ತ ಕೋರನ್ನ ಕಿತ್ತು ಒಗೀಬೇಕಿತ್ರಿ ನಾ. ಒಂದ ದಿನದ ಕೆಲಸಾ ಇತ್ತು. ಆಲಸ್ಯತನಾ ಮಾಡಿ ಒಳಗ ಬಿಟ್ಟೆ. ಅದು ಇಲ್ಲದ ಹೋಗಿದ್ರ ಯಾವಾಂವ ಬಂದು ಏನ ಜೋಡಸ್ತಿದ್ದ?"

ಗುರುಪಾದ ಸಮಾಧಾನ ಹೇಳಲಿಲ್ಲ. ಹೇಳಿದರೆ ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಈ ಕೇಸು ಹಿಡಿದಾಗಿನಿಂದ ಎಲ್ಲಿ ಹೋದರೂ ಇದೇ ಹಾಡು. ಹಾಗೆ ಮಾಡಬೇಕಿತ್ತು, ಹೀಗೆ ಮಾಡಬಾರದಿತ್ತು. ಹೋದ ಜೀವಕ್ಕೆ ಇದರಿಂದ ಏನು ಬಂತು, ಹೇಳಿ!

ಅವನು ಕೋರಿನ ಹೋಳಿನೊಳಗೆ ಉಗುರು ಹಾಕಿ ಕೆರೆದ. ಬಿಳಿಯ ಸುಣ್ಣದ ಪೊರೆಯ ಮೇಲೆ ಇನ್ನೊಂದು ಪದರ ಕೂತಿತ್ತು. ಅದರ ಬಣ್ಣ ಹಳದಿ. ಮೂಗಿನ ಬಳಿ ತಂದು ನೋಡಿದ.

"ಸಾಬ್ರ, ಇದು ಅರಿಷಿಣ."

"ಅರಿಷಿಣ?" ಯಾಕೂಬಸಾಬ ಕಸಿದುಕೊಂಡು ನೋಡಿದ. "ಇದು ನಂದಲ್ಲ! ದಾರ್ಯಾಗ ರೇಡಿಯೇಟರ್ ಸೋರಿದ್ರ ಒಂದ ಮುಟಗಿ ಅರಿಷಿಣಾ ಹಾಕ್ತೇವಿ, ಖರೇ. ಗಾಯಕ್ಕ ಹಚ್ಚಿದಂಗ ತೂತ ಮುಚ್ಚತೈತಿ. ಆದ್ರ ಅದು ಗ್ಯಾರೇಜ್ ಮುಟ್ಟೂತನಾ ಅಷ್ಟ! ಮುಟ್ಟಿದ ಮ್ಯಾಲ ತೊಳೀಲಿಲ್ಲಂದ್ರ ಇಂಥಾ ಸಣ್ಣ ನಳಿಗಿಯೊಳಗ ಮುದ್ದಿ ಕಟ್ಟತೈತಿ. ನೀರಿಗೆ ದಾರಿ ಇಲ್ಲ, ಒತ್ತಡ ಏರತೈತಿ, ಸವದ ಗ್ವಾಡಿ ಢಂ ಅಂತೈತಿ. ಕುದಿನೀರ ಕಾಲಮ್ಯಾಲ, ಉಗಿ ಗ್ಲಾಸಿನ ಮ್ಯಾಲ. ಪಾಪ, ಶಹಬಾಜಗ ಮುಂದಿನ ರಸ್ತಾನ ಕಂಡಿರಂಗಿಲ್ಲ."

"ಯಾರೋ ಹೀಟರ್ ಜೋಡಿಸ್ಯಾರ. ಸೋರಾಕ ಹತ್ತಿದ ಮ್ಯಾಲ ಅರಿಷಿಣಾ ಹಾಕಿ ಮುಚ್ಚ್ಯಾರ."

"ಹೌದು. ಅರ್ಧಾ ಕಲತಾಂವನ ಕೆಲಸಾ."

ಗುರುಪಾದ ಆ ಹಳದಿಯನ್ನು ಬೆರಳುಗಳ ನಡುವೆ ಉಜ್ಜಿದ. ತರಿತರಿ. ನಡುವೆ ನಾರು. ಅಂಗಡಿಯ ಪುಡಿ ಹೀಗಿರುವುದಿಲ್ಲ. ಇದು ಒರಳಲ್ಲಿ ಕುಟ್ಟಿದ ಅರಿಶಿನ. ತಮ್ಮ ಓಣಿಯ ಸುತ್ತಮುತ್ತ ಈಗಲೂ ಕೊಂಬು ತರಿಸಿ ಮನೆಯಲ್ಲೇ ಕುಟ್ಟಿಸಿ, ಬೇಕಾದವರಿಗೆಲ್ಲ ಬಾಟಲಿ ತುಂಬಿ ಕೊಡುವವರು ಒಬ್ಬರೇ. ಗುರುಪಾದನ ಅಡುಗೆಮನೆಯಲ್ಲೂ ಅಂಥದೊಂದು ಬಾಟಲಿ ಇತ್ತು.

'ಅಯ್ಯೋ ಶಿವನೇ, ಆ ಮನಿಗೇ ಹೋಗಬೇಕಾತಲ್ಲ' ಎಂದುಕೊಂಡ.

ಕೋರಿನ ಹೋಳುಗಳನ್ನು ಹನಮೇಶ ಸೀಲು ಮಾಡಿ ಒಯ್ದ. ಅವನ ಎದುರಿಗೇ ಒಂದು ಚಿಟಿಕೆ ಹಳದಿಯನ್ನು ಗುರುಪಾದ ಕಾಗದದಲ್ಲಿ ಕಟ್ಟಿಕೊಂಡ. ಸ್ಕೂಟರ್ ಹತ್ತುವಷ್ಟರಲ್ಲಿ ಫೋನು ಬಂತು. ಶಹಬಾಜನ ಹೆಂಡತಿ ಹುಮಾ, ಧಾರವಾಡದ ಹತ್ತಿರದ ಹೆಬ್ಬಳ್ಳಿಯಿಂದ.

"ಏನರ ಸಿಕ್ತೇನ್ರಿ ಕಾಕಾ? ನಾಳಿಗೆ ಅವ್ರನ್ನ ಕೋರ್ಟಿಗೆ ಒಯ್ತಾರಂತ."

"ಸಿಕ್ಕೈತಿ ತಂಗಿ. ಪೂರಾ ಸಿಕ್ಕಿಲ್ಲ."

"ಅವ್ರು ಹಂಗ ಮಾಡಾವ್ರಲ್ರಿ. ಧಣ್ಯಾರ ಮನಿ ಉಪ್ಪು ಉಂಡಾರ್ರಿ."

"ಗೊತ್ತೈತವಾ," ಎಂದು ಫೋನಿಟ್ಟ. ಸ್ಕೂಟರ್ ಚಾಲೂ ಮಾಡಿದ.

ಶಾಂತಯ್ಯನವರ ಮನೆಯ ಗೇಟು ಬಂದರೂ ಅವನು ನಿಲ್ಲಿಸಲಿಲ್ಲ. ಓಣಿಯ ತುದಿಯವರೆಗೆ ಹೋಗಿ, ಅಲ್ಲಿ ಸುಮ್ಮನೆ ನಿಂತು, ಮತ್ತೆ ತಿರುಗಿಸಿಕೊಂಡು ಬಂದ. ಎಷ್ಟು ಸಲ ಉಂಡಿದ್ದ ಮನೆ! ಅಲ್ಲಿಗೆ ಇಂಥ ಪ್ರಶ್ನೆ ಹೊತ್ತುಕೊಂಡು ಹೋಗುವ ಬಾಳೇಕೆ ಬೇಕಿತ್ತು ಎಂದು ತನ್ನ ಕಸುಬನ್ನೇ ಬೈದುಕೊಂಡ.

ಶಾಂತಯ್ಯನವರ ಹೆಂಡತಿ ಚನ್ನಬಸವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಹಣೆಯ ಮೇಲೆ ವಿಭೂತಿ, ಕಣ್ಣಲ್ಲಿ ನಿದ್ದೆಯಿಲ್ಲದ ಕೆಂಪು. ಮಾತಾಡಿಸಲು ಬಂದ ಬೀಗರು ಊಟ ಮುಗಿಸಿ ಹೋಗಿದ್ದರು.

"ಬಾ ತಮ್ಮಾ. ನೀರ ಕುಡೀತಿ?"

"ಬ್ಯಾಡ್ರಿ ಅವ್ವಾರ." ಕೂತು, ಕಾಗದ ಬಿಚ್ಚಿ ಅವಳ ಮುಂದಿಟ್ಟ. "ಇದು ಯಾರ ಮನಿ ಅರಿಷಿಣಾ ಹೇಳ್ರಿ?"

ಅವಳು ಮುಟ್ಟಲಿಲ್ಲ. ಬಗ್ಗಿ ಕೂಡ ನೋಡಲಿಲ್ಲ.

"ಎಲ್ಲಿ ಸಿಕ್ತು?"

"ಕಾರಿನ ಹೀಟರಿನ್ಯಾಗ."

ಚನ್ನಬಸವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

"ನಾನ ಹಾಕೇನಿ," ಎಂದಳು. "ನಾನ ಹಾಕೇನಿ ಅಂತ ಬರಸು. ಶಹಬಾಜನ್ನ ಬಿಡ್ಲಿ."

"ಅವ್ವಾರ, ಬಾನೆಟ್ ಹೆಂಗ ತಗೀತಾರಂತ ಗೊತ್ತೈತೇನ್ರಿ ನಿಮಗ?"

ಅವಳು ಮುಖ ಆಚೆ ತಿರುಗಿಸಿದಳು.

"ಶಹಬಾಜ ಜೋಡಿಸಿದ್ನೇನ್ರಿ?"

"ಛೇ ಛೇ! ಅಂವಾ ಬ್ಯಾಡ ಬ್ಯಾಡಂತ ಬಡಕೊಂಡ." ಮಾತು ಜಾರಿಬಿಟ್ಟಿತು. ಜಾರಿದ್ದು ಅವಳಿಗೂ ತಿಳಿಯಿತು. ಇನ್ನು ಮುಚ್ಚಿ ಫಲವಿಲ್ಲವೆಂದು ತಿಳಿದಳೋ ಏನೋ, ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. "ಹಿಂದಿನ ದಿನ ಅಂಗಡ್ಯಾಗ ಜಗಳಾ ಆತಲ್ಲ, ಅದ ಇದರ ಸಲುವಾಗಿ. 'ಧಣ್ಯಾರ, ಯಾರೋ ಹೀಟರ್ ಜೋಡಿಸ್ಯಾರ, ಒಳಗ ಕೊಳತೈತಿ, ತಗಸ್ತೇನಿ' ಅಂದ ಅಂವಾ. ಇವ್ರು, 'ಹುಡುಗ ಅವ್ವಗ ಥಂಡಿ ಆಗತೈತಂತ ಪ್ರೀತೀಲೆ ಮಾಡ್ಯಾನ, ನಡುವ ನಿಂದೇನ?' ಅಂತ ಬೈದ್ರು. ರಾತ್ರಿ ಉಣ್ಣಾಗ ಇವ್ರ ನನಗ ಹೇಳಿದ್ರು. ನಾನರ ಏನ ಮಾಡಿದೆ? ನಕ್ಕೆ. ನಗಬಾರದಿತ್ತು ತಮ್ಮಾ. ಶಹಬಾಜನ ಮಾತು ಕೇಳ್ರಿ ಅನ್ನಬೇಕಿತ್ತು."

"ಹುಡುಗ ಅಂದ್ರ ಸಂಕೇತ."

ಅವಳು ಹೌದೆಂದು ತಲೆ ಆಡಿಸಿದಳು.

"ಹಿತ್ತಲದಾಗ ತಾನ ಪೈಪ್ ಜೋಡಿಸಿದ. ಮರುದಿವ್ಸ ಬಂದು, 'ಅವ್ವಾ, ಒಂದೀಟು ಅರಿಷಿಣಾ ಕೊಡು, ರೇಡಿಯೇಟರ್ ಸೋರಾಕತ್ತೈತಿ' ಅಂದ. ಈ ಕೈಲೆ ಮುಟಗಿ ತುಂಬ ಕೊಟ್ಟೆ. ಈ ಕೈಲೆ!" ಅಂಗೈಯನ್ನು ಚಾಚಿ ತೋರಿಸಿ, ಅದನ್ನೇ ಹಣೆಗೆ ಬಡಿದುಕೊಂಡಳು.

ಗುರುಪಾದ ಅವಳ ಕೈ ಹಿಡಿದು ಕೆಳಗಿಳಿಸಿದ. ಅಂದರೆ ಇಷ್ಟೇ. ತಾಯಿಗೆ ಚಳಿಯಾಗಬಾರದೆಂದು ಮಗ ಅರೆಬರೆ ಬುದ್ಧಿಯಿಂದ ಮಾಡಿದ ಕೆಲಸ. ಅದಕ್ಕೆ ತಂದೆ ಬಲಿ. ತನ್ನ ತಪ್ಪು ಮುಚ್ಚಿಕೊಳ್ಳಲು ಡ್ರೈವರನ ಮೇಲೆ ದೂರು. ಹೇಡಿತನ, ನಿಜ. ಆದರೆ ಕೊಲೆಯಲ್ಲ. ಗುರುಪಾದನ ಎದೆ ಸ್ವಲ್ಪ ಹಗುರಾಯಿತು.

"ಅವ್ವಾರ, ಇದನ್ನ ಠಾಣೆದಾಗ ಹೇಳ್ರಿ. ಶಹಬಾಜ ಇವತ್ತ ಹೊರಗ ಬರ್ತಾನ. ಸಂಕೇತಗೂ ದೊಡ್ಡ ಶಿಕ್ಷಾ ಆಗಂಗಿಲ್ಲ. ಗೊತ್ತಿಲ್ಲದ ಆಗಿದ್ದು."

ಚನ್ನಬಸವ್ವ ಅವನನ್ನೇ ನೋಡಿದಳು. ಆ ನೋಟದಲ್ಲಿ ಕನಿಕರವಿತ್ತು. ಅವಳಿಗೆ ತನ್ನ ಮೇಲೆ ಕನಿಕರ ಯಾಕೆ ಎಂದು ಪತ್ತೇದಾರನಿಗೆ ಹೊಳೆಯಲಿಲ್ಲ.

"ಗೊತ್ತಿಲ್ಲದ?" ಎಂದಳು. "ಮಳಿಗಾಲದಾಗ ಆ ಗಾಡಿ ಗ್ಯಾರೇಜಿಂದ ಬಿಡಿಸಿಕೊಂಡ ಬಂದಾಂವ ಅಂವನ. ಹೀಟರ್ ಮತ್ತ ಹಚ್ಚಬ್ಯಾಡ್ರಿ, ಒಡದ್ರ ಮುಂದ ಕೂತವ್ರ ಕಾಲ ಬೇಯತಾವ ಅಂತ ಯಾಕೂಬಸಾಬ ಹೇಳಿ ಕಳಿಸ್ಯಾನಂತ ಬಂದು ನಮಗ ಹೇಳಿದಾಂವನೂ ಅಂವನ. ಇವ್ರೂ ನಾನೂ ಅದನ್ನ ಮರತಬಿಟ್ಟಿದ್ವಿ."

ಗುರುಪಾದನ ಕಣ್ಣು ಕಾಗದದ ಮೇಲಿನ ಹಳದಿಯತ್ತ ಹೋಯಿತು.

"ಮುಂದ ಕೂಡಾವ್ರು ಯಾರಂತ ತಿಳದಿ? ಇವ್ರು ಯಾವತ್ತೂ ಹಿಂದ ಕೂಡಾವ್ರು. ಹಿಂದ ಕೂತ್ರ ನನಗ ವಾಂತಿ ಬರತೈತಿ. ಮುಂದಿನ ಸೀಟು ನಂದು." ದನಿ ಏರಲಿಲ್ಲ, ನಡುಗಲೂ ಇಲ್ಲ. "ಆ ಮುಂಜಾನೆ ಮುಗದಕ್ಕ ಹೋಗಬೇಕಾದಾಕಿ ನಾ. ನನ್ನ ತವರಮನಿ ಹೊಲಾ ತಂಗಿ ಹುಲಿಗೆವ್ವಗ ಬಿಟ್ಟ ಕೊಡ್ತೇನಿ ಅಂತ ಹೇಳಿ ಬರಾಕ. ಗಂಡ ಇಲ್ಲದಾಕಿ, ಉಂಡ ತಿಂದ ಇರ್ಲಿ ಅಂತ. ಲೇಔಟಿನವ್ರಿಗೆ ಮಾರೂಣು ಅಂತ ಸಂಕೇತ ಕುಣದ. ನಾ ಒಪ್ಪಲಿಲ್ಲ. ಅವತ್ತ ಬೆಳಗಾಗೂದ್ರಾಗ ನನಗ ಜ್ವರ ಬಂದ್ವು. 'ನೀ ಮಲಕೋ, ನಾನ ಹೇಳಿ ಬರ್ತೇನಿ' ಅಂತ ಇವ್ರು ನನ್ನ ಸೀಟಿನ್ಯಾಗ ಕೂತು ಹೋದ್ರು. ಸಂಕೇತ ಆಗಲೇ ಅಂಗಡಿಗೆ ಹೋಗಿದ್ದ. ಅವಗ ಗೊತ್ತಿರಲಿಲ್ಲ."

"ಅವ್ವಾರ, ಹಂಗ್ಯಾಕ ತಿಳೀತೀರಿ? ಹೀಟರ್ ಇವತ್ತ ಒಡೀಬಹುದು, ಆರ ತಿಂಗಳಿಗೆ ಒಡೀಬಹುದು. ಕೊಲ್ಲಾಕ ಯಾರರ ಇಂಥಾದ್ದನ್ನ ನಂಬತಾರೇನು?"

ಹೇಳಿದ್ದು ಸರಿಯಾಗಿಯೇ ಇತ್ತು. ತನ್ನ ಮಾತನ್ನು ತಾನೇ ನಂಬಲು ಗುರುಪಾದ ಬಹಳ ಕಷ್ಟಪಟ್ಟ.

"ನಾನೂ ಹಂಗ ಅನಕೊಂಡೆ," ಎಂದಳು ಚನ್ನಬಸವ್ವ. "ದಿನಾ ಅನಕೋತೇನಿ. ಆದ್ರ ಗಾಡಿ ಗುದ್ದೈತಂತ ಪೊಲೀಸರು ಅಂಗಡಿಗೆ ಫೋನ್ ಮಾಡಿದ್ರು. ಸಂಕೇತ ಮನಿಗೆ ಹಚ್ಚಿದ. ನಾನ ಎತ್ತಿದೆ. ಅಪ್ಪ ಎಲ್ಲಿ ಅನ್ಲಿಲ್ಲ. ಗಾಡಿಗೆ ಏನಾಗೈತಿ ಅನ್ಲಿಲ್ಲ. ನನ್ನ ದನಿ ಕೇಳಿ ಭಾಳೊತ್ತು ಸುಮ್ನಾದ. ಆಮ್ಯಾಲ, 'ಅವ್ವಾ, ನೀ ಮನ್ಯಾಗ ಅದೀಯೇನು?' ಅಂದ."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಜೀವಾ ಹೋಗಿ ಜೀವಾ ಬಂದಂಗಾಗಿ ಅಂದ್ನೋ, ಬ್ಯಾರೆ ಏನೋ, ಹೆತ್ತ ನನಗ ತಿಳೀವಲ್ದು. ಶಹಬಾಜಗ ಮಾತ್ರ ಎಲ್ಲಾ ತಿಳದೈತಿ. ಬಾಯಿ ಬಿಡವಲ್ಲ. ಗಂಡನ್ನ ಕಳಕೊಂಡಾಕಿ, ಮಗನ್ನೂ ಕಳಕೋಬಾರದಂತ ನನ್ನ ಸಲುವಾಗಿ ಒಳಗ ಕುಂತಾನ. ಅವನ ಹೆಂಡತಿ ಮಾರಿ ನೆನಪಾದ್ರ ತುತ್ತು ಇಳಿಯಂಗಿಲ್ಲ ನನಗ."

ಹೊರಗೆ ಕಾರು ನಿಂತ ಸದ್ದಾಯಿತು. ಚಪ್ಪಲಿ ಬಿಟ್ಟು ಒಳಗೆ ಬಂದವನು ಸಂಕೇತ. ಗಡ್ಡ ಬೆಳೆದಿತ್ತು. ಕಣ್ಣುಗಳು ತಾಯಿಯ ಕಣ್ಣುಗಳಷ್ಟೇ ಕೆಂಪಾಗಿದ್ದವು.

"ಯಾವಾಗ ಬಂದ್ರಿ ಕಾಕಾ?" ಎಂದವನ ನೋಟ ನೆಲದ ಮೇಲಿನ ಕಾಗದದ ಮೇಲೆ ಬಿತ್ತು. "ಅರಿಷಿಣ ಏನದು?"

ಗುರುಪಾದ ಬಾಯಿ ತೆರೆಯುವ ಮೊದಲೇ ಚನ್ನಬಸವ್ವ ಅಂದಳು: "ಗಂಟಲ ಹಿಡದೈತಂತ. ನಾನ ಕೊಟ್ಟೆ."

ಸಂಕೇತ ಆ ಚಿಟಿಕೆಯನ್ನು ನೋಡಿದ, ಗುರುಪಾದನನ್ನು ನೋಡಿದ, ಮಸಿ ಹತ್ತಿದ ತೋಳನ್ನೂ ನೋಡಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. ಇಷ್ಟು ವರ್ಷ ಕಳ್ಳರ, ಸುಳ್ಳರ ಮುಖ ಓದಿದವನಿಗೆ ಆ ಒಂದು ಮುಖ ಓದಲಾಗಲಿಲ್ಲ.

"ಅವ್ವಾ, ನಡಿ. ಮುಗದಕ್ಕ ಹೋಗಿ ಬರೂಣು. ಹುಲಿಗೆವ್ವ ಚಿಗವ್ವ ಅಳಾಕತ್ತಾಳಂತ. ಗೆಳ್ಯಾನ ಗಾಡಿ ತಂದೇನಿ."

"ಇವತ್ತ ಬ್ಯಾಡೋ ಸಂಕೇತ," ಎಂದ ಗುರುಪಾದ. "ಅವ್ವಗ ಆರಾಮಿಲ್ಲ."

"ಇಲ್ಲ, ಬರ್ತೇನಿ," ಎಂದು ಚನ್ನಬಸವ್ವ ಕಂಬ ಹಿಡಿದು ಎದ್ದೇಬಿಟ್ಟಳು. "ನೀ ಗಾಡಿ ತಿರಗಿಸು, ಬಂದೆ."

ಸಂಕೇತ ಹೊರಗೆ ಹೋದ. ಗುರುಪಾದ ಅವಳ ದಾರಿಗೆ ಅಡ್ಡ ನಿಂತ. ಹಿರಿಯಳ ಮುಂದೆ ಹಾಗೆ ನಿಂತದ್ದು ಅವನ ಜೀವನದಲ್ಲಿ ಅದೇ ಮೊದಲು.

"ಅವ್ವಾರ, ನಿಮ್ಮ ಕಾಲ ಬೀಳ್ತೇನಿ. ಹೋಗಬ್ಯಾಡ್ರಿ. ನನ್ನ ಕೂಡ ಠಾಣೆಗೆ ಬರ್ರಿ."

"ಹೆತ್ತಾಕಿ ಕೇಳಬೇಕಾದ ಮಾತನ್ನ ಮದಲ ಪೊಲೀಸರು ಕೇಳಬಾರದು ತಮ್ಮಾ. ನಾನ ಕೇಳ್ತೇನಿ. ಅಂವಾ ಏನ ಹೇಳಿದ್ರೂ ಸಂಜೀಕ ಬಂದು ಶಹಬಾಜನ್ನ ಬಿಡಸ್ತೇನಿ. ಇಷ್ಟ ದಿನ ಸುಮ್ಮನ ಕುಂತದ್ದ ದೊಡ್ಡ ಪಾಪ ಆತು."

"ಅವನ ಉತ್ತರಾ ಕೆಟ್ಟದ್ದಾಗಿದ್ರ, ಸಂಜೀಕ ನೀವು ಬರ್ತೀರೇನ್ರಿ?"

ಅವಳು ಅವನ ಭುಜವನ್ನು ಮೆಲ್ಲಗೆ ಬದಿಗೆ ಸರಿಸಿ ಮೆಟ್ಟಿಲಿಳಿದಳು.

ಗುರುಪಾದ ಹಿಂದೆಯೇ ಓಡಿದ. ಸಂಕೇತ ಇಳಿದು ಬಂದು ತಾಯಿಗೆ ಮುಂದಿನ ಬಾಗಿಲು ತೆರೆದ. ಅವಳು ಕೂತ ಮೇಲೆ ಸೀಟ್‌ಬೆಲ್ಟನ್ನು ತಾನೇ ಎಳೆದು, ಸೆರಗು ಸಿಕ್ಕದಂತೆ ಸರಿಸಿ ಹಾಕಿದ. ಎಳೆಗೂಸಿಗೆ ದುಪ್ಪಟಿ ಹೊದಿಸುವ ಹಾಗೆ ಅಷ್ಟು ಜೋಕೆಯಿಂದ ಹಾಕಿದ. ಗಾಜು ಮೇಲೇರಿತು. ಒಳಗಿಂದ ಚನ್ನಬಸವ್ವ ಒಮ್ಮೆ ಗುರುಪಾದನ ಕಡೆ ನೋಡಿ, ಮಗನ ಕಡೆ ಮುಖ ತಿರುಗಿಸಿದಳು. ಅವಳ ತುಟಿ ಅಲುಗಿದ್ದು ಕಂಡಿತು. ಮಾತು ಆಗಲೇ ಶುರುವಾಗಿತ್ತು.

ಗುರುಪಾದ ಒಂದು ಕೈಯಲ್ಲಿ ಹನಮೇಶನಿಗೆ ಫೋನು ಹಚ್ಚುತ್ತ ಇನ್ನೊಂದು ಕೈಯಲ್ಲಿ ಸ್ಕೂಟರಿನ ಕೀಲಿಗೆ ಜೇಬು ತಡಕಾಡಿದ. ಹನಮೇಶನ ಫೋನು ಎಂಗೇಜು.

ಕಾರು ಓಣಿ ದಾಟಿ ಧಾರವಾಡದ ರಸ್ತೆಗೆ ತಿರುಗಿತು. ಶಹಬಾಜನನ್ನು ಬಿಡಿಸಬಲ್ಲ ಒಂದೇ ಒಂದು ಜೀವ ಅದರ ಮುಂದಿನ ಸೀಟಿನಲ್ಲಿ ಕೂತಿತ್ತು.